ಸಣ್ಣ ಟ್ರ್ಯಾಕ್ಟರಿಗೆ ಲೋಡರ್ ಜೋಡಿಸುವ ಮತ್ತು ಕಳಚುವ ಕ್ರಮ



ಬೇಸಿಗೆಯ ಮಣ್ಣು, ಗೊಬ್ಬರದ ಕೆಲಸ ಮುಗಿಯುತ್ತ ಬಂದಿದೆ. ಇನ್ನು ಮುಂಗಾರಿಗೆ ಮೊದಲು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ತಯಾರಿ ನಡೆಯಬೇಕು. ಈ ಎರಡು ಕೆಲಸಗಳ ನಡುವೆ, ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಸದಸ್ಯರು ಮರೆಯದೆ ಮಾಡಬೇಕಾದ ಒಂದು ಕೆಲಸವಿದೆ. ಮುಂಬದಿಯ ಲೋಡರನ್ನು ಕಳಚಿ ಮಾಡಿನಡಿಯಲ್ಲಿ ಇಡುವುದೇ ಆ ಕೆಲಸ. ನಮ್ಮಲ್ಲಿ ಹೆಚ್ಚಿನವರು ಇದನ್ನು ಮಾಡುತ್ತಿಲ್ಲ. "ಒಮ್ಮೆ ಕಳಚಿದರೆ ಮತ್ತೆ ಕೂರಿಸುವವರು ಯಾರು?" ಎಂಬ ಹೆದರಿಕೆಯಿಂದ ವರ್ಷವಿಡೀ ಅದನ್ನು ಹೊತ್ತುಕೊಂಡೇ ಟ್ರ್ಯಾಕ್ಟರ್ ಓಡಿಸುತ್ತಾರೆ. ಕೆಲವರು ಕಳಚುತ್ತಾರೆ, ಆದರೆ ಅವಸರದಲ್ಲಿ ಕಳಚುತ್ತಾರೆ. ಎರಡೂ ತಪ್ಪು. ಕ್ರಮ ತಿಳಿದಿದ್ದರೆ ಇದು ಅರ್ಧ ಗಂಟೆಯ ಕೆಲಸ. ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾವು ನಮ್ಮ ತೋಟದಲ್ಲೇ ಕಂಡಿದ್ದೇವೆ. ಅದನ್ನೂ ಮುಚ್ಚಿಡದೆ ಇಲ್ಲಿ ಬರೆದಿದ್ದೇವೆ.

ಕಳಚುವ ಅಗತ್ಯವೇನು?

ನಾವು ಬಳಸುವ 20ರಿಂದ 30 ಅಶ್ವಶಕ್ತಿಯ ಟ್ರ್ಯಾಕ್ಟರಿನ ತೂಕ ಒಂದು ಟನ್ನಿನ ಆಸುಪಾಸು. ಲೋಡರಿನ ತೂಕ ಮಾದರಿಯನ್ನನುಸರಿಸಿ 200ರಿಂದ 400 ಕೆ.ಜಿ. ಈ ಭಾರವೆಲ್ಲ ಮುಂದಿನ ಆಕ್ಸಲಿನ ಮೇಲೆ ಬೀಳುತ್ತದೆ. ಬಕೆಟ್ಟಿನಲ್ಲಿ ಏನೂ ಇಲ್ಲದಿದ್ದರೂ ಮುಂದಿನ ಟೈರು, ಬೇರಿಂಗು, ಸ್ಟೀರಿಂಗಿನ ಕೀಲುಗಳು ದಿನವೂ ಸವೆಯುತ್ತಿರುತ್ತವೆ.

ಅಡಿಕೆಗೆ ಶಿಫಾರಸು ಮಾಡಿರುವ ಅಂತರ 2.7 ಮೀಟರ್. ಅದರ ನಡುವೆ ಕಾಫಿ, ಬಾಳೆ, ಕಾಳುಮೆಣಸಿನ ಬಳ್ಳಿ ಎಲ್ಲವೂ ಇರುತ್ತವೆ. ಮೂತಿಯ ಮುಂದೆ ಒಂದು ಮೀಟರಿಗೂ ಹೆಚ್ಚು ಚಾಚಿಕೊಂಡ ಬಕೆಟ್ಟಿನೊಡನೆ ಅಲ್ಲಿ ತಿರುಗಿಸಹೊರಟರೆ ಮರದ ತೊಗಟೆ ಕೀಳುವುದು, ಕಾಫಿ ರೆಕ್ಕೆ ಮುರಿಯುವುದು ತಪ್ಪದು. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ, ಮಳೆಗಾಲದ ಹಸಿಮಣ್ಣಿನ ಮೇಲೆ ಬೇಡದ ಭಾರ ಓಡಾಡುವುದೂ ಒಳ್ಳೆಯದಲ್ಲ. ಸಿಂಪಡಣೆಯ ಪಂಪು ಅಥವಾ ಟ್ರೈಲರ್ ಎಳೆಯುವಾಗ ಲೋಡರಿನಿಂದ ಯಾವ ಉಪಯೋಗವೂ ಇಲ್ಲ, ಚಾಲಕನ ಕಣ್ಣಿಗೆ ಅಡ್ಡ ಮಾತ್ರ.

ನಮ್ಮಲ್ಲಿ ಆದದ್ದು

ಹಿಂದೊಂದು ಬೇಸಿಗೆಯಲ್ಲಿ ಸಂಘದ ಟ್ರ್ಯಾಕ್ಟರನ್ನು ಎರಡು ದಿನಕ್ಕೆಂದು ನಮ್ಮ ತೋಟಕ್ಕೆ ತಂದಿದ್ದೆವು. ಲೋಡರ್ ಜೋಡಿಸಿ, ಧರೆ ಕುಸಿದ ಮಣ್ಣನ್ನು ಎತ್ತಿ ಅಡಿಕೆ ಬುಡಕ್ಕೆ ಸಾಗಿಸುವುದಿತ್ತು. ಬಾಡಿಗೆ ಗಂಟೆಯ ಲೆಕ್ಕ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. "ಬೇಗ, ಬೇಗ" ಎಂದವರು ನಾವೇ.

ಹೋಸ್ ಪೈಪುಗಳಿಗೆ ಬಳಿದಿದ್ದ ಬಣ್ಣ ಮಾಸಿಹೋಗಿತ್ತು. ಚಾಲಕ ಅಂದಾಜಿನ ಮೇಲೆ ನಾಲ್ಕನ್ನೂ ಸಿಕ್ಕಿಸಿದ. ಎರಡು ಅದಲುಬದಲಾಗಿದ್ದವು. ಲೋಡರಿನ ಕಂಬ ಬ್ರಾಕೆಟ್ಟಿನೊಳಗೆ ಕುಳಿತಿತ್ತು, ಆದರೆ ಪಿನ್ನಿನ ತೂತುಗಳು ಒಂದಕ್ಕೊಂದು ನೇರವಾಗಿರಲಿಲ್ಲ. ಸಹಾಯಕ್ಕೆ ನಿಂತಿದ್ದವನು ತೂತು ಎಷ್ಟು ತಪ್ಪಿದೆಯೆಂದು ಬೆರಳು ಹಾಕಿ ನೋಡುತ್ತ, "ಸ್ವಲ್ಪ ಮೇಲೆ" ಎಂದ. ಚಾಲಕ ಮೇಲೆತ್ತಲು ಲಿವರ್ ಎಳೆದ. ಪೈಪು ಅದಲುಬದಲಾದ ಕಾರಣ ಕಂಬ ಕೆಳಕ್ಕೆ ಜಾರಿತು. ಅಡಕತ್ತರಿಯಲ್ಲಿ ಅಡಿಕೆ ಸಿಕ್ಕಂತೆ ಎರಡು ಬೆರಳು ಸಿಕ್ಕಿದವು.

ಅವನು ನಮ್ಮ ಊರಿನ ಕೊನೆಗಾರ. ಕೊಯ್ಲಿಲ್ಲದ ದಿನಗಳಲ್ಲಿ ಟ್ರ್ಯಾಕ್ಟರಿನ ಕೆಲಸಕ್ಕೆ ಬರುತ್ತಿದ್ದ. ಬಲಗೈಯ ತೋರುಬೆರಳು, ನಡುಬೆರಳುಗಳ ಒಂದೊಂದು ಗೆಣ್ಣು ಹೋಯಿತು. ಆಸ್ಪತ್ರೆಯ ಖರ್ಚನ್ನು ನಾವು ಕೊಟ್ಟೆವು, ಗಾಯವೂ ಮಾಯಿತು. ಆದರೆ ಮರದ ತುದಿಯಲ್ಲಿ ಕತ್ತಿ ಹಿಡಿದು ಕೊನೆ ಕೊಯ್ಯುವ ಹಿಡಿತ ಆ ಕೈಗೆ ಮರಳಿ ಬರಲಿಲ್ಲ. ಈಗ ನಮ್ಮ ನರ್ಸರಿಯಲ್ಲಿ ಕಾಫಿ ಬುಟ್ಟೆಗಳಿಗೆ ಮಣ್ಣು ತುಂಬುತ್ತಾನೆ. ಕೊನೆಗಾರರು ಎಷ್ಟು ಅಪರೂಪವಾಗಿದ್ದಾರೆಂಬುದು ಸದಸ್ಯರಿಗೆ ಗೊತ್ತೇ ಇದೆ. ನಾವು ಉಳಿಸಹೋದದ್ದು ಅರ್ಧ ಗಂಟೆಯ ಬಾಡಿಗೆ.

ಆ ದಿನ ಯಂತ್ರ ಕೆಟ್ಟಿರಲಿಲ್ಲ. ಕೆಟ್ಟದ್ದು ಕ್ರಮ. ಮುಂದೆ ಬರೆದಿರುವುದನ್ನು ಆ ದೃಷ್ಟಿಯಿಂದ ಓದಬೇಕಾಗಿ ವಿನಂತಿ.

ಎಣ್ಣೆಯ ಒತ್ತಡ

ಲೋಡರಿನ ಬಲವೆಲ್ಲ ಹೈಡ್ರಾಲಿಕ್ ಎಣ್ಣೆಯಲ್ಲಿದೆ. ಟ್ರ್ಯಾಕ್ಟರಿನ ಟೈರಿನಲ್ಲಿ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಒಂದೆರಡು ಕೆ.ಜಿ. ಇರುತ್ತದೆ. ಈ ಪೈಪುಗಳಲ್ಲಿ ಕೆಲಸದ ಹೊತ್ತಿನಲ್ಲಿ 150 ಕೆ.ಜಿ. ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಇಂಜಿನ್ ನಿಲ್ಲಿಸಿದ ಮಾತ್ರಕ್ಕೆ ಅದು ಇಳಿಯುವುದಿಲ್ಲ. ಎತ್ತಿದ ತೋಳಿನ ಭಾರ ಎಣ್ಣೆಯನ್ನು ಒತ್ತುತ್ತಲೇ ಇರುತ್ತದೆ. ಆದುದರಿಂದ ಲೋಡರನ್ನು ನೆಲಕ್ಕೆ ಇಳಿಸಿ, ಇಂಜಿನ್ ನಿಲ್ಲಿಸಿ, ಲಿವರನ್ನು ನಾಲ್ಕು ದಿಕ್ಕಿಗೂ ಎರಡು ಮೂರು ಬಾರಿ ಆಡಿಸಿ ಒತ್ತಡವನ್ನು ಹೊರಗೆಡಹಿದ ಮೇಲೆಯೇ ಪೈಪಿಗೆ ಕೈ ಹಾಕಬೇಕು.

ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಅಲ್ಲಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದಿರಬಹುದು. ಅದು ಚರ್ಮವನ್ನು ಸೀಳಿ ಮಾಂಸದೊಳಗೆ ಹೊಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ನೋವೂ ಮೊದಲು ಕಡಿಮೆ. ಆದರೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದರೆ ಕೈಯನ್ನೇ ಕಳೆದುಕೊಳ್ಳುವ ಸಂಭವವಿದೆ. ಸೋರಿಕೆಯನ್ನು ಎಂದೂ ಬರಿಗೈಯಿಂದ ಸವರಿ ನೋಡಬಾರದು. ಒಂದು ರಟ್ಟಿನ ತುಂಡನ್ನು ದೂರದಿಂದ ಹಿಡಿದರೆ ಎಣ್ಣೆಯ ಗುರುತು ಅದರ ಮೇಲೆ ಬೀಳುತ್ತದೆ. ಎಣ್ಣೆ ಹೊಕ್ಕಿತೆಂಬ ಸಂಶಯ ಬಂದರೂ ಸಾಕು, ಅರಿಶಿನ ಹಚ್ಚಿ ಕೂರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ ವಿಷಯ ತಿಳಿಸಬೇಕು.

ಸ್ಥಳದ ಆಯ್ಕೆ

ಮಲೆನಾಡಿನಲ್ಲಿ ಸಮತಟ್ಟಾದ ಜಾಗವೇ ಕಡಿಮೆ. ಆದರೂ ಈ ಕೆಲಸವನ್ನು ಇಳಿಜಾರಿನಲ್ಲಿ ಮಾಡತಕ್ಕದ್ದಲ್ಲ. ನೆಲ ಸಮನಾಗಿಯೂ ಗಟ್ಟಿಯಾಗಿಯೂ ಇರಬೇಕು. ಮೇಲೆ ಮಾಡು ಇದ್ದರೆ ಉತ್ತಮ. ಟ್ರ್ಯಾಕ್ಟರ್ ಹಿಂದಕ್ಕೆ ನೇರವಾಗಿ ಹೋಗುವಷ್ಟು, ಮತ್ತೆ ನೇರವಾಗಿ ಬರುವಷ್ಟು ಸ್ಥಳವಿರಬೇಕು. ಕಾಫಿ ಕಣದ ಅಂಚು ಅನುಕೂಲ. ಮಣ್ಣಿನ ನೆಲವಾದರೆ ನಿಲುಗಾಲುಗಳ ಕೆಳಗೆ ಹಲಗೆ ಇಡಬೇಕು. ಇಲ್ಲವಾದರೆ ಮೊದಲ ನಾಲ್ಕು ಮಳೆಗೇ ಕಾಲು ಹೂತು ಲೋಡರ್ ವಾಲುತ್ತದೆ. ವಾಲಿದ ಲೋಡರನ್ನು ಮತ್ತೆ ಕೂರಿಸುವುದೇ ಎಲ್ಲ ತಾಪತ್ರಯಗಳ ಮೂಲ.

ಕಳಚುವ ಕ್ರಮ

ಮಾದರಿಯಿಂದ ಮಾದರಿಗೆ ಸ್ವಲ್ಪ ವ್ಯತ್ಯಾಸವಿದೆ. ಯಂತ್ರದೊಡನೆ ಬಂದ ಕೈಪಿಡಿಯನ್ನು ಮೊದಲು ನೋಡಬೇಕು. ಸಾಮಾನ್ಯ ಕ್ರಮ ಹೀಗಿದೆ:

1. ಬಕೆಟ್ಟನ್ನು ಖಾಲಿ ಮಾಡಿ ತೊಳೆಯಿರಿ, ಆದರೆ ಲೋಡರಿನಿಂದ ಬಿಚ್ಚಬೇಡಿ. ನೆಲಕ್ಕೆ ಊರಿದ ಬಕೆಟ್ಟೇ ಲೋಡರಿಗೆ ಮುಂದಿನ ಕಾಲು.

2. ಲೋಡರನ್ನು ಪೂರ್ತಿ ಇಳಿಸಿ, ಬಕೆಟ್ಟನ್ನು ಕೈಪಿಡಿ ಹೇಳಿದ ಓರೆಯಲ್ಲಿ ನೆಲಕ್ಕೆ ಊರಿ. ಗೇರನ್ನು ನ್ಯೂಟ್ರಲಿಗೆ ತಂದು, ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ನಿಲ್ಲಿಸಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ.

3. ಎರಡೂ ಬದಿಯ ನಿಲುಗಾಲುಗಳನ್ನು ಇಳಿಸಿ, ಅವುಗಳ ಲಾಕ್ ಪಿನ್ನುಗಳನ್ನು ಹಾಕಿ. ಕಾಲು ನಿಂತ ಮೇಲೆಯೇ ಬ್ರಾಕೆಟ್ಟಿನ ಪಿನ್ನುಗಳನ್ನು ಕೀಳಬೇಕು. ಪಿನ್ ಬಾರದಿದ್ದರೆ ಭಾರ ಅದರ ಮೇಲೆ ನಿಂತಿದೆಯೆಂದು ಅರ್ಥ. ಸುತ್ತಿಗೆಯಿಂದ ಬಡಿಯದೆ, ಚಾಲಕನು ಸೀಟಿನಲ್ಲಿ ಕುಳಿತು ತೋಳನ್ನು ಕೂದಲೆಳೆಯಷ್ಟು ಆಡಿಸಿ, ಇಂಜಿನ್ ನಿಲ್ಲಿಸಿ, ಮತ್ತೆ ಪ್ರಯತ್ನಿಸಲಿ.

4. ಪಿನ್ ತೆಗೆದ ಬಳಿಕ ಸಹಾಯಕನು ದೂರ ಸರಿಯಲಿ. ಚಾಲಕನು ಇಂಜಿನ್ ಚಾಲೂ ಮಾಡಿ, ಬಕೆಟ್ಟನ್ನು ನಿಧಾನವಾಗಿ ಓರೆ ಮಾಡಿದಾಗ ಕಂಬಗಳು ಬ್ರಾಕೆಟ್ಟಿನಿಂದ ಬಿಡಿಸಿಕೊಳ್ಳುತ್ತವೆ. ಈ ಹೊತ್ತಿನಲ್ಲಿ ಲೋಡರಿಗೂ ಟ್ರ್ಯಾಕ್ಟರಿಗೂ ನಡುವೆ ಯಾರೂ ಇರಕೂಡದು.

5. ಮತ್ತೆ ಇಂಜಿನ್ ನಿಲ್ಲಿಸಿ, ಮೇಲೆ ಹೇಳಿದಂತೆ ಲಿವರ್ ಆಡಿಸಿ ಒತ್ತಡ ಇಳಿಸಿ. ಆಮೇಲೆ ನಾಲ್ಕು ಪೈಪುಗಳನ್ನು ಬಿಚ್ಚಿ, ಎರಡೂ ಕಡೆಯ ಬಾಯಿಗಳಿಗೆ ಮುಚ್ಚಳ ಹಾಕಿ. ಒಂದು ಚಿಟಿಕೆ ಮಣ್ಣು ಒಳಗೆ ಹೋದರೂ ಪಂಪು, ವಾಲ್ವುಗಳಿಗೆ ಕೇಡು. ಪೈಪುಗಳನ್ನು ಲೋಡರಿನ ತೋಳಿನ ಮೇಲೆ ಸುತ್ತಿ ಕಟ್ಟಿ.

6. ಕಲ್ಲು ತೆಗೆದು, ನಿಧಾನವಾಗಿ, ನೇರವಾಗಿ ಹಿಂದಕ್ಕೆ ಬನ್ನಿ. ಒಂದು ಅಡಿ ಬಂದ ಮೇಲೆ ನಿಲ್ಲಿಸಿ, ಯಾವ ಪೈಪೂ ಸಿಕ್ಕಿಕೊಂಡಿಲ್ಲವೆಂದು ನೋಡಿ, ಬಳಿಕ ಮುಂದುವರಿಯಿರಿ.

ಒಂದು ವಿಶೇಷ ಸೂಚನೆ. ಕೆಲವು ಮಾದರಿಗಳಲ್ಲಿ ಹತೋಟಿಯ ವಾಲ್ವು ಲೋಡರಿನ ಜೊತೆಗೇ ಕಳಚಿಕೊಳ್ಳುತ್ತದೆ. ಅಂಥವುಗಳಲ್ಲಿ ಟ್ರ್ಯಾಕ್ಟರಿನಲ್ಲಿ ಉಳಿಯುವ, ಎಣ್ಣೆ ಹೋಗುವ ಮತ್ತು ಬರುವ ಬಾಯಿಗಳನ್ನು ಕೈಪಿಡಿಯಂತೆ ಒಂದಕ್ಕೊಂದು ಜೋಡಿಸಬೇಕು. ಮರೆತರೆ ಪಂಪಿನಿಂದ ಬರುವ ಎಣ್ಣೆಗೆ ದಾರಿಯಿಲ್ಲದೆ ಬಿಸಿಯೇರುತ್ತದೆ, ಹಿಂದಿನ ಲಿಫ್ಟೂ ಕೆಲಸ ಮಾಡದಿರಬಹುದು.

ಮಳೆಗಾಲಕ್ಕೆ ಇಡುವಾಗ ಸಿಲಿಂಡರುಗಳ ಹೊರಗೆ ಉಳಿಯುವ ಹೊಳಪಿನ ದಂಡಕ್ಕೆ ಗ್ರೀಸ್ ಬಳಿಯಿರಿ. ತುಕ್ಕು ಹಿಡಿದ ದಂಡ ಮುಂದಿನ ವರ್ಷ ಸೀಲನ್ನು ಹರಿಯುತ್ತದೆ. ಇಲಿಗಳು ರಬ್ಬರ್ ಪೈಪನ್ನು ಕಡಿಯುವುದರಿಂದ ಹತ್ತಿರ ಹುಲ್ಲು, ಚೀಲ ರಾಶಿ ಹಾಕಬಾರದು.

ಮತ್ತೆ ಜೋಡಿಸುವ ಕ್ರಮ

ಜೋಡಿಸುವುದು ಇದರ ತಿರುಗುಮುರುಗು. ಟ್ರ್ಯಾಕ್ಟರನ್ನು ಅತಿ ನಿಧಾನವಾಗಿ, ಎರಡು ತೋಳುಗಳ ಸರಿನಡುವೆ ತನ್ನಿ. ಇಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಪೈಪುಗಳನ್ನು ಒರೆಸಿ ಸಿಕ್ಕಿಸಿ. ಪ್ರತಿ ಪೈಪಿಗೂ ಅದರ ಬಾಯಿಗೂ ಒಂದೇ ಬಣ್ಣವಿರಲಿ. ವರ್ಷಕ್ಕೊಮ್ಮೆ ಬಣ್ಣವನ್ನು ಹೊಸದಾಗಿ ಬಳಿಯಿರಿ. ನಾಲ್ಕಾಣೆ ಬಣ್ಣದ ಅಸಡ್ಡೆಯೇ ನಮಗೆ ಅಷ್ಟು ದುಬಾರಿಯಾದದ್ದು.

ಬಿಸಿಲಿನಲ್ಲಿ ಬಿದ್ದಿದ್ದ ಲೋಡರಿನ ಪೈಪುಗಳು ಕೆಲವೊಮ್ಮೆ ಸಿಕ್ಕಿಕೊಳ್ಳುವುದೇ ಇಲ್ಲ. ಒಳಗಿನ ಎಣ್ಣೆ ಕಾದು ಹಿಗ್ಗಿ ಒತ್ತಡ ಏರಿರುವುದೇ ಇದಕ್ಕೆ ಕಾರಣ. ಬಡಿಯಬೇಡಿ. ನೆರಳು ಮಾಡಿ, ತಣ್ಣಗಾದ ಮೇಲೆ ಅಥವಾ ಮರುದಿನ ಬೆಳಿಗ್ಗೆ ಪ್ರಯತ್ನಿಸಿದರೆ ಸಲೀಸಾಗಿ ಕೂರುತ್ತವೆ.

ಪೈಪು ಸಿಕ್ಕಿಸಿದ ಮೇಲೆ ಎಲ್ಲರೂ ದೂರ ನಿಲ್ಲಲಿ. ಚಾಲಕನು ಲಿವರನ್ನು ಪ್ರತಿ ದಿಕ್ಕಿಗೂ ಸ್ವಲ್ಪವೇ ಆಡಿಸಿ, ಲೋಡರ್ ಸರಿಯಾದ ದಿಕ್ಕಿಗೇ ಚಲಿಸುವುದೆಂದು ಖಚಿತಪಡಿಸಿಕೊಳ್ಳಲಿ. ಆಮೇಲೆ ಕಂಬಗಳನ್ನು ಬ್ರಾಕೆಟ್ಟಿನಲ್ಲಿ ಕೂರಿಸಲಿ. ತೂತುಗಳು ನೇರವಾದವೇ ಎಂಬುದನ್ನು ಇಂಜಿನ್ ನಿಲ್ಲಿಸಿದ ಮೇಲೆ ಕಣ್ಣಿನಿಂದ ನೋಡಬೇಕು, ಇಲ್ಲವೇ ಒಂದು ಕೋಲಿನಿಂದ ಪರೀಕ್ಷಿಸಬೇಕು. ಬೆರಳನ್ನು ಎಂದೂ ಹಾಕಬಾರದು. ಕೋಲು ತುಂಡಾದರೆ ಬೇಲಿಯಲ್ಲಿ ಇನ್ನೊಂದು ಸಿಗುತ್ತದೆ.

ಎರಡೂ ಪಿನ್ನುಗಳನ್ನು ಹಾಕಿ, ಲಾಕ್ ಮಾಡಿ, ನಿಲುಗಾಲುಗಳನ್ನು ಮಡಚಿ. ಲೋಡರನ್ನು ಮೊಣಕಾಲೆತ್ತರಕ್ಕೆ ಎತ್ತಿ ಇಳಿಸಿ, ಸೋರಿಕೆ ಇಲ್ಲವೆಂದು ಕಂಡುಕೊಂಡು, ಟ್ರ್ಯಾಕ್ಟರಿನ ಎಣ್ಣೆಯ ಮಟ್ಟ ನೋಡಿ. ಕೆಲವು ಗಂಟೆ ಕೆಲಸವಾದ ಮೇಲೆ ಬ್ರಾಕೆಟ್ಟಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಎತ್ತಿದ ತೋಳಿನ ಕೆಳಗೆ ಯಾರೂ ಯಾವ ಕಾರಣಕ್ಕೂ ನುಸುಳಕೂಡದು.

ಹಿಂದಿನ ಭಾರ

ಬಕೆಟ್ಟು ತುಂಬಿದಾಗ ಹಿಂದಿನ ಚಕ್ರಗಳು ಹಗುರಾಗುತ್ತವೆ. ಈ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಆದ್ದರಿಂದ ತೋಟದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೂ ಹಗುರಾದ ಚಕ್ರ ಜಾರುತ್ತದೆಯೇ ವಿನಾ ಹಿಡಿಯುವುದಿಲ್ಲ. ಹಿಂದಿನ ಲಿಫ್ಟಿಗೆ ಭಾರದ ಪೆಟ್ಟಿಗೆಯನ್ನೋ ರೋಟವೇಟರನ್ನೋ ಜೋಡಿಸಿದ ಮೇಲೆಯೇ ಲೋಡರ್ ಬಳಸಬೇಕು. ನಾಲ್ಕು ಚಕ್ರದ ಚಾಲನೆಯಿದ್ದರೆ ಇಳಿಜಾರಿನಲ್ಲಿ ಅದನ್ನು ಹಾಕಿಕೊಂಡಿರಬೇಕು. ಆಗ ಬ್ರೇಕಿನ ಹಿಡಿತ ಮುಂದಿನ ಚಕ್ರಗಳಿಗೂ ಸಿಗುತ್ತದೆ. ತುಂಬಿದ ಬಕೆಟ್ಟನ್ನು ನೆಲದಿಂದ ಒಂದು ಅಡಿಗಿಂತ ಮೇಲೆ ಹಿಡಿದು ಓಡಿಸಬಾರದು.

ಸಂಘದ ಬಾಡಿಗೆ ಬಗ್ಗೆ

ಲೋಡರ್ ಜೋಡಿಸುವ, ಕಳಚುವ ಹೊತ್ತನ್ನೂ ಬಾಡಿಗೆಯ ಗಂಟೆಗೆ ಸೇರಿಸುವ ನಿಯಮವನ್ನು ಬರೆದವರು ನಾವೇ. ಲೆಕ್ಕಕ್ಕೆ ಅದು ಸರಿಯಾಗಿ ಕಂಡಿತ್ತು. ಆದರೆ ಅವಸರವನ್ನು ಕಲಿಸಿದ್ದೂ ಅದೇ ನಿಯಮವೆಂದು ಈಗ ಒಪ್ಪಿಕೊಳ್ಳುತ್ತೇವೆ. ಪ್ರತಿ ಬಾಡಿಗೆಯಲ್ಲೂ ಈ ಕೆಲಸಕ್ಕೆಂದು ಒಂದು ಗಂಟೆಯನ್ನು ಲೆಕ್ಕದಿಂದ ಬಿಡಬೇಕೆಂಬ ಸೂಚನೆಯನ್ನು ಮುಂದಿನ ಸಭೆಯ ಮುಂದಿಡುತ್ತಿದ್ದೇವೆ. ಸದಸ್ಯರು ಹಾಜರಿದ್ದು ಅಭಿಪ್ರಾಯ ತಿಳಿಸಬೇಕು. ಅಲ್ಲಿಯವರೆಗೆ ಈ ಪುಟವನ್ನು ಕತ್ತರಿಸಿ ಟ್ರ್ಯಾಕ್ಟರ್ ಕೊಟ್ಟಿಗೆಯ ಗೋಡೆಗೆ ಅಂಟಿಸಿಕೊಂಡು, ಚಾಲಕರಿಗೂ ಸಹಾಯಕರಿಗೂ ಒಮ್ಮೆ ಓದಿ ಹೇಳಬೇಕಾಗಿ ಕೋರುತ್ತೇವೆ.

— ಕಾರ್ಯದರ್ಶಿ