ಸಂಚಾರಿ ಮನೆಯ ಎರಡು ಬ್ಯಾಟರಿಗಳು

ಗಾಲಿಗಳ ಮೇಲೆ ಮನೆಯನ್ನೇ ಕಟ್ಟಿಕೊಂಡು ಊರೂರು ಸಂಚರಿಸುವ ಪದ್ಧತಿ ಬ್ರಿಟನ್ನಿನಲ್ಲಿ ಜನಪ್ರಿಯವಾದುದು. ಮಲಗುವ ಮಂಚ, ಅಡುಗೆಯ ಒಲೆ, ನೀರಿನ ತೊಟ್ಟಿ, ಶೌಚಗೃಹ ಎಲ್ಲವನ್ನೂ ಒಳಗೊಂಡ ಇಂಥ ವಾಹನವನ್ನು ಅಲ್ಲಿ ಮೋಟಾರ್‌ಹೋಮ್ ಎಂದು ಕರೆಯುತ್ತಾರೆ. ಆ ನಾಡಿನಲ್ಲಿ ನೆಲೆಸಿರುವ ಮಕ್ಕಳ ಬಳಿಗೆ ಹೋಗಿಬಂದ ಓದುಗರು ಇವುಗಳನ್ನು ಕಂಡಿರಬಹುದು. ಮೊಮ್ಮಕ್ಕಳೊಡನೆ ಪ್ರವಾಸವನ್ನೂ ಮಾಡಿರಬಹುದು. ಈ ಮನೆಯ ಸೌಕರ್ಯಗಳೆಲ್ಲ ನಿಂತಿರುವುದು ಆಸನದ ಕೆಳಗೋ ನೆಲದ ಅಡಿಯಲ್ಲೋ ಕಣ್ಣಿಗೆ ಬೀಳದಂತೆ ಕುಳಿತಿರುವ ಎರಡು ಬ್ಯಾಟರಿಗಳ ಮೇಲೆ. ಅವು ಬರಿದಾದರೆ ಕೊರೆಯುವ ಚಳಿಯ ರಾತ್ರಿಯಲ್ಲಿ ಬಿಸಿಗಾಳಿಯ ಯಂತ್ರ ನಿಲ್ಲುತ್ತದೆ. ಬೆಳಗಾದಾಗ ಇಂಜಿನ್ನೂ ಚಾಲನೆಗೊಳ್ಳುವುದಿಲ್ಲ. ಮಕ್ಕಳೂ ವೃದ್ಧರೂ ಇರುವ ಕುಟುಂಬಕ್ಕೆ ಇದು ಸಣ್ಣ ತೊಂದರೆಯಲ್ಲ. ಆದಕಾರಣ ಈ ಎರಡರ ಸ್ವಭಾವವನ್ನೂ ಪೋಷಣೆಯ ಕ್ರಮವನ್ನೂ ಇಲ್ಲಿ ವಿವರಿಸಬಯಸುತ್ತೇವೆ.

ಎರಡು ಬಗೆಯ ಕಾರ್ಯ

ಮೊದಲನೆಯದು ಸ್ಟಾರ್ಟರ್ ಬ್ಯಾಟರಿ. ಇಂಜಿನ್ನನ್ನು ಚಾಲೂ ಮಾಡುವ ಕೆಲವೇ ಕ್ಷಣಗಳಲ್ಲಿ ನೂರಾರು ಆಂಪಿಯರ್ ವಿದ್ಯುತ್ತನ್ನು ಒಮ್ಮೆಗೇ ಸುರಿಸುವುದು ಇದರ ಕೆಲಸ. ಅದಕ್ಕೆಂದೇ ಇದರೊಳಗೆ ತೆಳುವಾದ ಸೀಸದ ಹಲಗೆಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಎರಡನೆಯದು ಲೀಷರ್ ಬ್ಯಾಟರಿ, ಅಂದರೆ ವಾಸಕ್ಕೆ ಮೀಸಲಾದ ಬ್ಯಾಟರಿ. ದೀಪ, ನೀರಿನ ಪಂಪು, ಬಿಸಿಗಾಳಿಯ ಫ್ಯಾನು ಮುಂತಾದವುಗಳಿಗೆ ಗಂಟೆಗಟ್ಟಲೆ ಸ್ವಲ್ಪಸ್ವಲ್ಪವಾಗಿ ವಿದ್ಯುತ್ ಒದಗಿಸುವುದು ಇದರ ಕರ್ತವ್ಯ. ಇದರ ಹಲಗೆಗಳು ದಪ್ಪವಾಗಿದ್ದು, ಪದೇ ಪದೇ ಖರ್ಚಾಗಿ ಮತ್ತೆ ತುಂಬಿಕೊಳ್ಳುವುದನ್ನು ತಾಳಬಲ್ಲವು.

ಈ ಭೇದ ನಮಗೆ ಹೊಸದಲ್ಲ. ಅಂಗಳದಲ್ಲಿ ನಿಂತ ಕಾರಿನ ಬ್ಯಾಟರಿ ಮೊದಲನೆಯ ಜಾತಿಯದು. ಮನೆಯೊಳಗೆ ಇನ್ವರ್ಟರಿಗೆ ಜೋಡಿಸಿದ ಬ್ಯಾಟರಿ ಎರಡನೆಯ ಜಾತಿಯದು. ಕಾರಿನ ಬ್ಯಾಟರಿಯಿಂದ ಮನೆಯ ದೀಪಗಳನ್ನು ನಿತ್ಯ ಉರಿಸಿದರೆ ಅದು ಬೇಗನೆ ಕೆಡುತ್ತದೆ. ಸಂಚಾರಿ ಮನೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಇಟ್ಟಿರುವುದು ಇದೇ ಕಾರಣದಿಂದ. ರಾತ್ರಿಯೆಲ್ಲ ದೀಪ ಉರಿದರೂ ಬೆಳಗಿನ ಪ್ರಯಾಣಕ್ಕೆ ಅಡ್ಡಿಯಾಗಬಾರದು.

ಹಾಳಾಗುವ ಬಗೆ

ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ರೂಪಿಸಿದನು. ಅಂದಿನ ರಾಸಾಯನಿಕ ತತ್ತ್ವವೇ ಇಂದಿಗೂ ನಡೆದುಬಂದಿದೆ. ವಿದ್ಯುತ್ ಖರ್ಚಾದಂತೆ ಹಲಗೆಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ; ಮತ್ತೆ ಚಾರ್ಜ್ ಮಾಡಿದಾಗ ಅದು ಕರಗಿ ಮೊದಲಿನ ಸ್ಥಿತಿ ಮರಳುತ್ತದೆ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಆ ಸಲ್ಫೇಟ್ ಗಟ್ಟಿಯಾದ ಹರಳುಗಳಾಗಿ ನಿಲ್ಲುತ್ತದೆ. ಬಳಿಕ ಎಷ್ಟು ಚಾರ್ಜ್ ಮಾಡಿದರೂ ಹಿಂದಿನ ಸಾಮರ್ಥ್ಯ ಬರುವುದಿಲ್ಲ. ಬ್ಯಾಟರಿಗೆ ದುಡಿಮೆಗಿಂತ ಹಸಿದು ಮಲಗುವುದೇ ಹೆಚ್ಚು ಹಾನಿಕರವೆಂಬುದನ್ನು ಇಲ್ಲಿ ಮುಖ್ಯವಾಗಿ ನೆನಪಿಡಬೇಕು.

ಆರೋಗ್ಯವನ್ನು ತಿಳಿಯಲು ಒಂದು ಸಾಧಾರಣ ವೋಲ್ಟ್‌ಮಾಪಕ ಸಾಕು. ಚಾರ್ಜಿಂಗನ್ನೂ ಬಳಕೆಯನ್ನೂ ನಿಲ್ಲಿಸಿ ಕೆಲವು ಗಂಟೆಗಳಾದ ಮೇಲೆ ಅಳೆಯಬೇಕು. ಸುಮಾರು 12.7 ವೋಲ್ಟ್ ಇದ್ದರೆ ತುಂಬಿದೆಯೆಂದೂ, 12.2 ಇದ್ದರೆ ಅರ್ಧವಾಗಿದೆಯೆಂದೂ, 12ಕ್ಕಿಂತ ಕೆಳಗಿಳಿದರೆ ಬಹುತೇಕ ಬರಿದಾಗಿದೆಯೆಂದೂ ತಿಳಿಯಬೇಕು. ಲೀಷರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸದಿರುವುದು ಲೇಸು. 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ನಮ್ಮ ಕೈಗೆ ಸಿಗುವುದು 50 ಮಾತ್ರವೆಂದು ಲೆಕ್ಕ ಹಾಕಿಕೊಳ್ಳಬೇಕು.

ತುಂಬುವ ಮಾರ್ಗಗಳು

ವಾಹನ ಓಡುವಾಗ ಇಂಜಿನ್ನಿನ ಆಲ್ಟರ್ನೇಟರು ಸ್ಟಾರ್ಟರ್ ಬ್ಯಾಟರಿಯನ್ನು ತುಂಬುತ್ತದೆ. ಹಳೆಯ ವಾಹನಗಳಲ್ಲಿ ಒಂದು ರಿಲೇ ಇಂಜಿನ್ ಓಡುವಾಗ ಎರಡೂ ಬ್ಯಾಟರಿಗಳನ್ನು ಕೂಡಿಸಿ, ನಿಂತೊಡನೆ ಬೇರ್ಪಡಿಸುತ್ತದೆ. ಇತ್ತೀಚಿನ ಅನೇಕ ವಾಹನಗಳ ಆಲ್ಟರ್ನೇಟರು ಇಂಧನವನ್ನು ಉಳಿಸಲು ಆಗಾಗ ತನ್ನ ವೋಲ್ಟೇಜನ್ನು ತಗ್ಗಿಸಿಕೊಳ್ಳುವುದರಿಂದ, ಲೀಷರ್ ಬ್ಯಾಟರಿಗೆ ಸರಿಯಾದ ವೋಲ್ಟೇಜನ್ನು ಕೊಡುವ ಪ್ರತ್ಯೇಕ ಚಾರ್ಜರನ್ನು ಎರಡರ ನಡುವೆ ಅಳವಡಿಸುತ್ತಾರೆ. ಅರ್ಧಗಂಟೆಯ ಓಡಾಟದಿಂದ ಬರಿದಾದ ಬ್ಯಾಟರಿ ತುಂಬುವುದಿಲ್ಲ. ಅದರ ಕೊನೆಯ ಪಾಲು ಬಹಳ ನಿಧಾನವಾಗಿ ತುಂಬುವುದರಿಂದ ಹಲವು ಗಂಟೆಗಳು ಬೇಕಾಗುತ್ತವೆ.

ಪ್ರವಾಸಿಗಳು ತಂಗುವ ಮೈದಾನಗಳಲ್ಲಿ 230 ವೋಲ್ಟಿನ ಸಂಪರ್ಕ ದೊರೆಯುತ್ತದೆ. ವಾಹನದೊಳಗಿನ ಚಾರ್ಜರು ಅದರಿಂದ ಬ್ಯಾಟರಿಯನ್ನು ತುಂಬುತ್ತದೆ. ಆದರೆ ಕೆಲವು ವಾಹನಗಳಲ್ಲಿ ಈ ಚಾರ್ಜರು ಲೀಷರ್ ಬ್ಯಾಟರಿಯನ್ನು ಮಾತ್ರ ತುಂಬಿ ಸ್ಟಾರ್ಟರನ್ನು ಮುಟ್ಟುವುದೇ ಇಲ್ಲ. ಚಾವಣಿಯ ಮೇಲಿನ ಸೌರಫಲಕದ ವಿಷಯವೂ ಅನೇಕ ವೇಳೆ ಹಾಗೆಯೇ. ವಾಸದ ದೀಪ ಪ್ರಕಾಶಮಾನವಾಗಿ ಉರಿಯುತ್ತಿದ್ದರೂ ಇಂಜಿನ್ ಏಳದಿರುವುದಕ್ಕೆ ಇದು ಒಂದು ಕಾರಣ. ತಮ್ಮ ವಾಹನದಲ್ಲಿ ಯಾವುದು ಯಾವುದನ್ನು ತುಂಬುತ್ತದೆ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ಎರಡನ್ನೂ ತುಂಬುವ ನಿಯಂತ್ರಕಗಳು ದೊರೆಯುತ್ತವೆ.

ಶೀತಪೆಟ್ಟಿಗೆಯ ಬಗ್ಗೆಯೂ ಎಚ್ಚರ ಬೇಕು. ಅನಿಲ, 230 ವೋಲ್ಟ್, 12 ವೋಲ್ಟ್ ಈ ಮೂರರಿಂದಲೂ ನಡೆಯುವ ಪೆಟ್ಟಿಗೆಗೆ 12 ವೋಲ್ಟಿನಲ್ಲಿ 10 ಆಂಪಿಯರಿಗೂ ಹೆಚ್ಚು ಬೇಕು. ಇಂಜಿನ್ ನಿಂತ ಮೇಲೂ ಅದು ಬ್ಯಾಟರಿಯಿಂದಲೇ ನಡೆದರೆ ನಾವು ಹೇಳಿದ 50 ಆಂಪಿಯರ್-ಗಂಟೆ ಐದು ಗಂಟೆಯೊಳಗೆ ಮುಗಿದುಹೋಗುತ್ತದೆ.

ಚಳಿಗಾಲದ ಪರೀಕ್ಷೆ

ಬ್ರಿಟನ್ನಿನಲ್ಲಿ ಬಹಳ ಮಂದಿ ಚಳಿಗಾಲದ ತಿಂಗಳುಗಳಲ್ಲಿ ಈ ವಾಹನವನ್ನು ಮನೆಯ ಮುಂದೆ ನಿಲ್ಲಿಸಿಬಿಡುತ್ತಾರೆ. ಬ್ಯಾಟರಿಗಳ ನಿಜವಾದ ಪರೀಕ್ಷೆ ಆಗಲೇ. ವಾಹನ ನಿಂತರೂ ಕಳ್ಳರ ಎಚ್ಚರಿಕೆಯ ಗಂಟೆ, ಗಡಿಯಾರ ಮುಂತಾದವು ಮಲಗುವುದಿಲ್ಲ. ಇವೆಲ್ಲ ಕೂಡಿ 30 ಮಿಲಿ ಆಂಪಿಯರ್ ಮಾತ್ರ ಸೆಳೆಯುತ್ತವೆಂದು ಭಾವಿಸಿದರೂ ದಿನಕ್ಕೆ 0.72 ಆಂಪಿಯರ್-ಗಂಟೆ, 90 ದಿನಕ್ಕೆ ಸುಮಾರು 65 ಆಂಪಿಯರ್-ಗಂಟೆ ಸೋರಿಹೋಗುತ್ತದೆ. ಇದರ ಜೊತೆಗೆ ಬ್ಯಾಟರಿ ತಾನೇ ತಾನಾಗಿ ಕಳೆದುಕೊಳ್ಳುವ ಪಾಲೂ ಉಂಟು.

ಸೂರ್ಯನನ್ನು ನಂಬಿ ಕೂರುವಂತೆಯೂ ಇಲ್ಲ. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಹಗಲು ಹದಿನಾರು ಗಂಟೆಗೂ ಹೆಚ್ಚಿದ್ದರೆ ಡಿಸೆಂಬರಿನಲ್ಲಿ ಎಂಟು ಗಂಟೆಗೆ ಇಳಿಯುತ್ತದೆ. ಬಿಸಿಲೂ ಓರೆಯಾಗಿ ಬೀಳುತ್ತದೆ. ಮೇಲಾಗಿ ಚಳಿಯಲ್ಲಿ ಇಂಜಿನ್ನಿನ ಎಣ್ಣೆ ಮಂದವಾಗಿ ಅದನ್ನು ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುವ ಹೊತ್ತಿನಲ್ಲೇ ಬ್ಯಾಟರಿಯ ಶಕ್ತಿ ಕುಗ್ಗಿರುತ್ತದೆ. ತುಂಬಿದ ಬ್ಯಾಟರಿಯ ದ್ರವ ಅಂಥ ಚಳಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಬರಿದಾದುದರಲ್ಲಿ ಆಮ್ಲ ತೆಳುವಾಗಿ, ದ್ರವ ಹೆಪ್ಪುಗಟ್ಟಿ ಪೆಟ್ಟಿಗೆಯೇ ಒಡೆಯಬಹುದು.

ಇದಕ್ಕೆ ಸುಲಭವಾದ ಪರಿಹಾರವೆಂದರೆ, ತುಂಬಿದ ಮೇಲೆ ತಾನಾಗಿಯೇ ವೋಲ್ಟೇಜ್ ತಗ್ಗಿಸಿಕೊಳ್ಳುವ ಸಣ್ಣ ಚಾರ್ಜರನ್ನು ಜೋಡಿಸಿಡುವುದು. ವಿದ್ಯುತ್ ಸಂಪರ್ಕವಿಲ್ಲದ ಕಡೆ ತಿಂಗಳಿಗೊಮ್ಮೆ ವಾಹನವನ್ನು ದೂರದವರೆಗೆ ಓಡಿಸಿ ತರಬೇಕು. ನಿಂತಲ್ಲೇ ಇಂಜಿನ್ನನ್ನು ಹತ್ತು ನಿಮಿಷ ಗುರುಗುಟ್ಟಿಸುವುದರಿಂದ ಪ್ರಯೋಜನವಿಲ್ಲ. ಅದೂ ಆಗದಿದ್ದರೆ ಪೂರ್ಣ ತುಂಬಿಸಿ ಋಣ ತಂತಿಯನ್ನು ಕಳಚಿಡಬೇಕು. ಆಗ ಕಳ್ಳರ ಗಂಟೆಯೂ ಮೌನವಾಗುತ್ತದೆಂಬುದು ತಿಳಿದಿರಲಿ.

ಕಳಚುವಾಗ ಋಣ ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಚಾರ್ಜ್ ಆಗುವಾಗ ಜಲಜನಕ ಹೊರಡಬಹುದಾದ್ದರಿಂದ ಗಾಳಿ ಆಡುವಂತಿರಬೇಕು; ಕಿಡಿ, ಬೆಂಕಿ ಸುಳಿಯಬಾರದು. ಈಚೆಗೆ ಬಳಕೆಗೆ ಬಂದಿರುವ ಲಿಥಿಯಂ ಬ್ಯಾಟರಿ ಹಗುರವಾದುದು, ಹೆಚ್ಚು ಪಾಲನ್ನು ಬಳಸಲು ಕೊಡುವಂಥದು. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು. ಅದಕ್ಕೆ ತಕ್ಕ ಚಾರ್ಜರನ್ನೇ ಬಳಸಬೇಕು.

ಮಕ್ಕಳ ಬಳಿ ಆರು ತಿಂಗಳು ಇದ್ದುಬರಲೆಂದು ಹೊರಡುವ ನಮ್ಮ ಹಿರಿಯರಿಗೂ ಇದೇ ಪಾಠ ಅನ್ವಯಿಸುತ್ತದೆ. ಇಲ್ಲಿ ಉಳಿಯುವ ಕಾರಿನ ಬ್ಯಾಟರಿಯೂ ಅಷ್ಟೇ ಮೌನವಾಗಿ ಸೋರುತ್ತದೆ. ನಮ್ಮ ಬೇಸಗೆಯ ಸೆಖೆ ಆ ಸೋರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹೊರಡುವ ಮುನ್ನ ಅದನ್ನು ತುಂಬಿಸಿ ಋಣ ತಂತಿ ಕಳಚುವುದು, ಇನ್ವರ್ಟರ್ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನು ಗುರುತಿನ ಮಟ್ಟಕ್ಕೆ ಹಾಕಿಸುವುದು, ನಡುವೆ ಒಮ್ಮೆ ನೋಡಿಕೊಳ್ಳುವಂತೆ ನೆರೆಯವರಿಗೆ ಹೇಳಿಹೋಗುವುದು, ಇಷ್ಟು ಮಾಡಿದರೆ ಹಿಂದಿರುಗಿದ ದಿನ ಮನೆಯ ದೀಪವೂ ಕಾರಿನ ಇಂಜಿನ್ನೂ ಕರೆದಾಗ ಓಗೊಡುತ್ತವೆ.