ನಿಮಗಿದು ಗೊತ್ತೆ? ತೆಳ್ಳಗಿನ ಹುಡುಗಿಯರಿಗೇ ಈ ಕಾಯಿಲೆಯ ಅಪಾಯ ಹೆಚ್ಚು!

ಬಾಲ್ಯದಲ್ಲಿ ತೆಳ್ಳಗಿದ್ದ ಹುಡುಗಿಯರಿಗೆ ಮುಂದೆ ಎಂಡೊಮೆಟ್ರಿಯೋಸಿಸ್ ಬರುವ ಸಾಧ್ಯತೆ ದಪ್ಪಗಿದ್ದವರಿಗಿಂತ ಹೆಚ್ಚು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯ, ಕರುಳು ಮುಂತಾದ ಕಡೆ ಬೆಳೆಯುವುದೇ ಈ ಕಾಯಿಲೆ. ಮುಟ್ಟಿನ ವೇಳೆ ತೀವ್ರ ಹೊಟ್ಟೆನೋವು ಇದರ ಮುಖ್ಯ ಲಕ್ಷಣ. ಕೆಲವರಿಗೆ ಗರ್ಭ ಧರಿಸುವುದೂ ಕಷ್ಟವಾಗುತ್ತದೆ. ಜಗತ್ತಿನಲ್ಲಿ ಹೆರುವ ವಯಸ್ಸಿನ ಸುಮಾರು ಶೇ 10ರಷ್ಟು ಮಹಿಳೆಯರನ್ನು ಇದು ಕಾಡುತ್ತಿದೆ.

ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಶಾಲಾ ಮಕ್ಕಳ ಎತ್ತರ, ತೂಕವನ್ನು ದಶಕಗಳ ಕಾಲ ಬರೆದಿಡಲಾಗಿತ್ತು. 1930ರಿಂದೀಚೆಗೆ ಹುಟ್ಟಿದ ಹುಡುಗಿಯರ ಆ ವಿವರಗಳನ್ನು ಆಸ್ಪತ್ರೆ ದಾಖಲೆಗಳ ಜತೆ ಹೋಲಿಸಿದಾಗ 7ನೇ ವಯಸ್ಸಿನಲ್ಲೇ ಈ ವ್ಯತ್ಯಾಸ ಕಂಡಿತು. ಎತ್ತರದ ಹುಡುಗಿಯರಲ್ಲೂ ಅಪಾಯ ಹೆಚ್ಚಿತ್ತು. ಅಮೆರಿಕದಲ್ಲಿ 1989ರಲ್ಲಿ ಆರಂಭವಾದ, 1.16 ಲಕ್ಷ ನರ್ಸ್‌ಗಳ ಅಧ್ಯಯನದಲ್ಲಿ 18ನೇ ವಯಸ್ಸಿನ ತೂಕಕ್ಕೂ ಈ ಕಾಯಿಲೆಗೂ ಇದೇ ಬಗೆಯ ನಂಟು ಕಂಡುಬಂತು.



ಹಾಗೆಂದು ತೆಳ್ಳಗಿರುವುದೇ ರೋಗಕ್ಕೆ ಕಾರಣ ಎಂದು ಸಾಬೀತಾಗಿಲ್ಲ. ತೂಕ ಏರಿಸಿಕೊಳ್ಳುವುದು ಇದಕ್ಕೆ ಮದ್ದೂ ಅಲ್ಲ. ದಪ್ಪಗಿರುವವರಿಗೂ ಇದು ಬರುತ್ತದೆ. ಶಾಲೆ, ಕೆಲಸ ತಪ್ಪಿಸುವಷ್ಟು ಮುಟ್ಟಿನ ನೋವಿದ್ದರೆ, ಮೈಕಟ್ಟು ಹೇಗೇ ಇರಲಿ, ಸ್ತ್ರೀರೋಗ ತಜ್ಞರನ್ನು ಕಾಣಬೇಕು.