ಚಾಪ್ಮನ್ ಬಾರದ ಮೈದಾನ

1993ರ ಕಲ್ಕತ್ತಾ. ಏಷ್ಯನ್ ಕಪ್ ವಿನ್ನರ್ಸ್ ಕಪ್ ಫುಟ್‌ಬಾಲ್ ಪಂದ್ಯದಲ್ಲಿ ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಎದುರಾಳಿ ಇರಾಕಿನ ಅಲ್ ಜವ್ರಾ. ನಮ್ಮವರು ಸೋಲದೆ ಉಳಿದರೆ ಸಾಕು ಎನ್ನುವಂಥ ತಂಡ ಅದು. ಅಂಥವರ ಬಲೆಗೆ ಬೆಂಗಳೂರಿನ ಕಾರ್ಲ್ಟನ್ ಚಾಪ್ಮನ್ ಒಂದಲ್ಲ, ಎರಡಲ್ಲ, ಮೂರು ಗೋಲು ಹೊಡೆದರು. ಪಂದ್ಯ 6-2! ಅಷ್ಟಕ್ಕೂ ಅವರು ಮಿಡ್‌ಫೀಲ್ಡರ್. ಮುಂದಿನವರಿಗೆ ಚೆಂಡು ಒದಗಿಸುವುದೇ ಅವರ ಕಸುಬು.

1971ರಲ್ಲಿ ಹುಟ್ಟಿದ ಚಾಪ್ಮನ್ ಪಳಗಿದ್ದು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ. ಆಮೇಲೆ ಜೆಸಿಟಿ ಕ್ಲಬ್ ಸೇರಿ, ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆಗೆ 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಭಾರತ ತಂಡದ ನಾಯಕರಾದರು. 2001ರಲ್ಲಿ ಈಸ್ಟ್ ಬೆಂಗಾಲ್ ಲೀಗ್ ಗೆದ್ದಾಗಲೂ ನಾಯಕರು ಅವರೇ. ಅದೇ ವರ್ಷ ಬೂಟು ಬಿಚ್ಚಿಟ್ಟರು.

ನನಗೆ ಅವರ ಮೇಲೆ ಗೌರವ ಹೆಚ್ಚುವುದು ಅಲ್ಲಿಂದ ಮುಂದೆ. ಆಟ ಬಿಟ್ಟ ಮೇಲೆ ದೊಡ್ಡ ತಂಡಗಳ ಕೋಚ್ ಆದವರಿದ್ದಾರೆ. ಮೆಕ್ಸಿಕೊದ ಹ್ಯೂಗೊ ಸ್ಯಾಂಚೆಜ್ ಸ್ಪೇನಿನ ಲೀಗಿನಲ್ಲಿ ಐದು ಸಲ ಅತಿ ಹೆಚ್ಚು ಗೋಲು ಹೊಡೆದವರು. ಕೋಚ್ ಆಗಿ ತಾವು ಬೆಳೆದ ಪೂಮಾಸ್ ತಂಡಕ್ಕೆ 2004ರಲ್ಲಿ ಒಂದೇ ವರ್ಷ ಎರಡು ಪ್ರಶಸ್ತಿ ತಂದುಕೊಟ್ಟರು, ಮುಂದೆ ದೇಶದ ತಂಡವೂ ಅವರ ಕೈಗೆ ಬಂತು. ಚಾಪ್ಮನ್ ಅವರಿಗೆ ಅಂಥ ದೊಡ್ಡ ಹುದ್ದೆ ಸಿಗಲಿಲ್ಲ. ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ಕಲಿಸಿದರು. ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ, ಕೋಲ್ಕತ್ತದ ಭವಾನಿಪುರ, ಕೋಳಿಕ್ಕೋಡಿನ ಕ್ವಾರ್ಟ್ಸ್ ಎಂದು ಕಲಿಯುವ ಹುಡುಗರಿದ್ದ ಕಡೆಗೆಲ್ಲ ಹೋದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ವಯಸ್ಸಿನ್ನೂ 49.

ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಸಂಜೆ ಹೊತ್ತು ಹುಡುಗರ ಆಟ ನೋಡುವಾಗೆಲ್ಲ ಅವರು ನೆನಪಾಗುತ್ತಾರೆ. ಮಲಗಿದ ಬುದ್ಧನ ಬೆಟ್ಟದಾಚೆ ಹೊತ್ತು ಇಳಿದಿರುತ್ತದೆ, ನೆಲದ ಕಾವು ಮಾತ್ರ ಇಳಿದಿರುವುದಿಲ್ಲ. ಬಯಲೆಲ್ಲ ಕ್ರಿಕೆಟ್ಟಿನವರದೇ. ಒಂದು ಮೂಲೆಯಲ್ಲಿ ಚಪ್ಪಲಿಗಳನ್ನೇ ಗೋಲುಕಂಬ ಮಾಡಿಕೊಂಡು ಹತ್ತಾರು ಹುಡುಗರು ಫುಟ್‌ಬಾಲಿನ ಬೆನ್ನು ಹತ್ತಿರುತ್ತಾರೆ. ಬರಿಗಾಲಿನ ಬಡಕಲು ಹುಡುಗನೊಬ್ಬ ಎಡಗಾಲಲ್ಲೇ ಚೆಂಡು ತಳ್ಳುತ್ತ ಮೂವರನ್ನು ದಾಟಿ ಬರುತ್ತಾನೆ. ಏನು ವೇಗ ಅವನದು! ಆದರೆ ಕಣ್ಣು ಚೆಂಡು ಬಿಟ್ಟು ಮೇಲೇಳುವುದಿಲ್ಲ. "ಏ, ಈ ಕಡಿ ಕೊಡಲೇ!" ಎಂದು ಬಲಗಡೆ ಗೆಳೆಯ ಕೈಯೆತ್ತಿ ಒದರುತ್ತಿದ್ದರೂ ಅವನಿಗೆ ಅತ್ತ ಗಮನವಿಲ್ಲ. ಹೆಬ್ಬೆರಳ ತುದಿಯಿಂದ ಒದೆಯುತ್ತಾನೆ. ಚೆಂಡು ಹೋಗಿ ಜಾಲಿಕಂಟಿಗೆ ಬೀಳುತ್ತದೆ.

ತಲೆಯೆತ್ತಿ ಆಡು, ಪಾದದ ಮೇಲ್ಭಾಗದಿಂದ ಹೊಡಿ ಎಂದು ಬೆನ್ನು ತಟ್ಟಿ ಹೇಳುವ ಒಬ್ಬರಾದರೂ ಇಲ್ಲಿ ಬೇಕು. ಯಾದಗಿರಿ ಕೋಟೆಯ ಕೆಳಗೆ, ಸುರಪುರದ ಗುಡ್ಡದ ಓಣಿಗಳಲ್ಲಿ ಇಂಥ ಕಾಲುಗಳಿಗೇನು ಬರವೇ? ರಾಜ್ಯಕ್ಕೆ ಆಡಿ ನಿವೃತ್ತರಾದವರು ತಾಲ್ಲೂಕಿಗೊಬ್ಬರಂತೆ ಬರಲಿ, ವಾರಕ್ಕೆ ಎರಡು ಸಂಜೆಯಾದರೂ ಸರಿ. ಹನ್ನೆರಡು-ಹದಿಮೂರರಲ್ಲಿ ತಿದ್ದದ ಒದೆತವನ್ನು ಇಪ್ಪತ್ತರಲ್ಲಿ ತಿದ್ದುವುದು ಕಷ್ಟ. ಈ ಹುಡುಗರ ಪಾಲಿಗೆ ಆ ವಯಸ್ಸು ಈಗಲೇ ನಡೆಯುತ್ತಿದೆ.